ನಮ್ಮೂರ ಎಲ್ಲೆ ಕೂಡಲಿಲ್ಲ

ಭೂಗೋಳದ ಮೇಷ್ಟ್ರಾಗಿದ್ದೂ ನನಗೆ ದಿಕ್ಕು ತಿಳಿಯುವುದಿಲ್ಲ. ಉತ್ತರ ಯಾವ ಕಡೆ ಎಂದು ಯಾರಾದರೂ ಕೇಳಿದರೆ ಮೊದಲು ಮನೆಯಲ್ಲಿ ಊಟಕ್ಕೆ ಕೂರುವುದನ್ನು ನೆನೆಸಿಕೊಳ್ಳಬೇಕು. ಪೂರ್ವಕ್ಕೆ ಮುಖ, ಎದುರಿಗೆ ಮುದ್ದೆ, ಎಡಗೈ ಕಡೆ ಉತ್ತರ. ಹೀಗೆ ಮುದ್ದೆಯ ಆಧಾರದ ಮೇಲೆ ಜಗತ್ತನ್ನು ತಿಳಿದುಕೊಂಡವನು ತೊಂಬತ್ತರ ದಶಕದ ಕೊನೆಯಲ್ಲಿ, ತಲೆ ಅರ್ಧ ನೆರೆತ ಮೇಲೆ, ಅಂಚೆ ಮೂಲಕ ಭೂಗೋಳದ ಎಂ.ಎ. ಕಟ್ಟಿದೆ. ಪಾಸಾದರೆ ಹೈಸ್ಕೂಲಿಗೆ ಬಡ್ತಿ. ಕೊನೆಯ ಪತ್ರಿಕೆಗೆ ನಮ್ಮೂರನ್ನು ನಾವೇ ಅಳೆದು, ಕಂಪ್ಯೂಟರಿನಲ್ಲಿ ನಕ್ಷೆ ಮಾಡಿಸಿ ಕಳಿಸಬೇಕಿತ್ತು. ನಾನೋ, ಕಂಪ್ಯೂಟರನ್ನು ಬಂಗಾರಪೇಟೆಯಲ್ಲಿ ಕಿಟಕಿಯಾಚೆಯಿಂದ ನೋಡಿದ್ದವನು.

ಅಳೆಯಲು ಕಲಿಸಿದವರು ಚಾಂಪಿಯನ್ ರೀಫ್ಸಿನ ಏಳುಮಲೈ. ಚಿನ್ನದ ಗಣಿಯೊಳಗೆ ಸರ್ವೆಯವರ ಜೊತೆ ಟೇಪು ಹಿಡಿದು ಆಯುಷ್ಯ ಕಳೆದವರು. ಕೆಲಸ ಬಿಟ್ಟ ಮೇಲೆ ಅವರ ಬಳಿ ಉಳಿದಿದ್ದು ಒಂದು ಹಳೇ ಟೇಪು, ಒಂದು ದಿಕ್ಸೂಚಿ, ಮತ್ತು ಕೆಮ್ಮು. ನಾಲ್ಕು ಭಾನುವಾರ ಕಾಮಸಮುದ್ರದ ಬಸ್ಸು ಹಿಡಿದು ನಮ್ಮೂರಿಗೆ ಬಂದರು. ಟೇಪಿನ ಒಂದು ತುದಿ ಅವರು, ಇನ್ನೊಂದು ನಾನು. ಅಡಿ, ಅಂಗುಲ, ದಿಕ್ಕು ಎಲ್ಲವನ್ನೂ ಬರೆಸಿ, ಎರಡೆರಡು ಸಲ ಓದಿಸುತ್ತಿದ್ದರು. ಬಿಸಿಲಲ್ಲಿ ನಿಂತು ಇಷ್ಟೊಂದು ಬೆಳಕು ಇಟ್ಟುಕೊಂಡು ನೀವು ಹೇಗೆ ತಪ್ಪು ಮಾಡುತ್ತೀರಿ ಎಂದು ಆಶ್ಚರ್ಯಪಡುತ್ತಿದ್ದರು. ಐದನೇ ಭಾನುವಾರ ಕೆಮ್ಮು ಅವರನ್ನು ಏಳಗೊಡಲಿಲ್ಲ. ಹಳ್ಳದ ಕಡೆಯ ಒಂದು ತುಂಡು ಮಾತ್ರ ಬಾಕಿ ಇತ್ತು. ಟೇಪು ನನ್ನ ಕೈಗೆ ಕೊಟ್ಟು ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ ಎಂದರು.

ಆ ತುಂಡು ನಮ್ಮಣ್ಣನ ಹೊಲ. ಆರು ವರ್ಷದಿಂದ ನಾನೂ ಅಣ್ಣನೂ ಮಾತಾಡಿರಲಿಲ್ಲ. ಪಾಲಾಗುವಾಗ ಬದುವಿನ ಮೇಲಿದ್ದ ಒಂದು ಹುಣಸೆ ಮರಕ್ಕೆ ಜಗಳವಾಗಿತ್ತು. ಮರ ಮರುವರ್ಷವೇ ಗಾಳಿಗೆ ಬಿತ್ತು. ಮರ ಹೋದ ಮೇಲೂ ಮಾತು ಬಿಟ್ಟೇ ಇದ್ದೆವು, ಅದೇ ನಮ್ಮ ಮನೆತನದ ಹಟ. ಅವನ ಹೊಲಕ್ಕೆ ಕಾಲಿಡುವುದೆಂದರೆ ನಾನೇ ಸೋತ ಹಾಗಲ್ಲವೇ? ಈಚೆ ಬದಿಯ ಬೇವಿನ ನೆರಳಲ್ಲಿ ಕೂತು ಕಣ್ಣಳತೆಯಲ್ಲೇ ಬರೆದೆ: ಇನ್ನೂರು ಅಡಿ, ನೂರು ಅಡಿ, ಮತ್ತೆ ನೂರು ಅಡಿ. ಬರೆದು, ತಂದಿದ್ದ ಕಡಲೆಕಾಯಿ ತಿಂದು ಮುಗಿಸಿ ಮನೆಗೆ ಬಂದೆ.

ಬಂಗಾರಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಸರೋಜಮ್ಮ ಎಂಬಾಕೆ ನನ್ನ ಅಂಕಿಗಳನ್ನೆಲ್ಲ ತಾಳ್ಮೆಯಿಂದ ಒಳಗೆ ಹಾಕಿದರು. ಗೆರೆ ಊರನ್ನೆಲ್ಲ ಸುತ್ತಿಕೊಂಡು ಬಂದು, ಹೊರಟ ಜಾಗ ಸೇರದೆ ಬಾಯಿ ಬಿಟ್ಟುಕೊಂಡು ನಿಂತಿತು. ಊರಿಗೆ ಹಸಿರು ಬಣ್ಣ ತುಂಬಲು ಹೋದರೆ ಆ ಸಂದಿನಿಂದ ಹಸಿರು ಆಚೆಗೆ ಹರಿದು, ಪಕ್ಕದ ಊರುಗಳನ್ನು ಮುಳುಗಿಸಿ, ಆಂಧ್ರದ ಗಡಿಯನ್ನೂ ದಾಟಿ ಇಡೀ ಪರದೆ ತುಂಬಿಬಿಟ್ಟಿತು. ನಮ್ಮೂರಲ್ಲಿ ಅಷ್ಟು ಹಸಿರನ್ನು ಯಾರೂ ಕಂಡಿರಲಿಲ್ಲ.

ಅಳತೆ ಪುಸ್ತಕ ಹಿಡಿದು ಏಳುಮಲೈ ಬಳಿಗೆ ಓಡಿದೆ. ಅವರು ಮಂಚದಲ್ಲೇ ಒರಗಿಕೊಂಡು ಹಾಳೆ ತಿರುವುತ್ತಾ ಬಂದವರು ಕೊನೆಯ ಮೂರು ಸಾಲಿನ ಮೇಲೆ ಬೆರಳಿಟ್ಟರು.

“ಇದು ಕೂತು ಬರ್ದಿದ್ದು ಸಾರ್. ನೆಲ ಯಾವತ್ತೂ ಹೀಗೆ ನೂರು, ಇನ್ನೂರು ಅಂತ ಲೆಕ್ಕ ಕೊಡಲ್ಲ.”

ಅಣ್ಣನ ವಿಷಯ ಹೇಳಿದೆ. ಅವರು ಕೆಮ್ಮಿ ಮುಗಿಸಿ ಪುಸ್ತಕವನ್ನು ನನ್ನ ಕೈಗಿಟ್ಟರು.

“ಗಣಿ ಒಳಗಡೆ ಎರಡು ಕಡೆಯಿಂದ ತೋಡ್ಕೊಂಡು ಬರ್ತೀವಿ ಸಾರ್. ಒಬ್ಬ ಕೂತು ಬರೆದ್ರೆ ದಾರಿ ಎರಡೂ ಸೇರಲ್ಲ. ಮಧ್ಯ ಇರೋರು ಮೇಲಕ್ಕೆ ಬರಲ್ಲ. ಓಗಿ ಅಳೀರಿ. ಇನ್ನೊಂದು ತುದಿ ನಿಮ್ಮಣ್ಣನ ಕೈಗೇ ಕೊಡಿ.”

ಹೋಗುತ್ತೇನೆ ಎಂದೆ. ನಿಜವಾಗಿಯೂ ಬದುವಿನವರೆಗೆ ಹೋದೆ. ಅಣ್ಣ ಬಗ್ಗಿ ರಾಗಿ ಪೈರಿನಲ್ಲಿ ಕಳೆ ತೆಗೆಯುತ್ತಿದ್ದ. ತಲೆ ಎತ್ತಿದರೆ ಮಾತಾಡಿಸೋಣ ಎಂದು ಟೇಪು ಹಿಡಿದು ನಿಂತೆ. ಅವನು ಎತ್ತಲಿಲ್ಲ. ನಾನು ಕೆಮ್ಮಲೂ ಇಲ್ಲ. ಮಾರನೆಯ ದಿನವೇ ನಕ್ಷೆ ಕಳಿಸಲು ಕೊನೆಯ ದಿನ. ಆ ಮೂರು ಅಳತೆ ತೆಗೆದುಹಾಕಿ ನೇರಕ್ಕೆ ಒಂದು ಗೀಟು ಎಳೆದುಬಿಡಲೇ ಎಂದು ಸೆಂಟರಿನಲ್ಲಿ ಸರೋಜಮ್ಮ ಕೇಳಿದರು. ಎಳೆಯಿರಿ ಎಂದೆ. ಹಸಿರು ಜಾಣತನದಿಂದ ಒಳಗೇ ನಿಂತಿತು. ಹಳ್ಳದ ಕಡೆ ಚಾಚಿಕೊಂಡಿದ್ದ ಅಣ್ಣನ ಹೊಲ, ಬಾವಿಯ ಸಮೇತ, ಗೀಟಿನ ಆಚೆ ಉಳಿಯಿತು.

ಒಳ್ಳೆಯ ಅಂಕವೇ ಬಂತು. ಬಡ್ತಿಯ ಆದೇಶ ಬರುವುದಕ್ಕೆ ಮುಂಚೆ ಏಳುಮಲೈ ತೀರಿಕೊಂಡರು. ಅಳುತ್ತಾ ಹೋಗಿ ಅಳುತ್ತಾ ಬಂದೆ. ಆದರೆ ಇನ್ನು ಆ ಗೀಟಿನ ಸಂಗತಿ ಯಾರಿಗೂ ಗೊತ್ತಾಗದು ಎಂದು ಬಸ್ಸಿನಲ್ಲಿ ಒಂದು ಕ್ಷಣ ನೆಮ್ಮದಿಯಾಗಿದ್ದೂ ಉಂಟು. ಎಂಥ ಮನುಷ್ಯ ನಾನು! ನನ್ನ ನಕ್ಷೆಗೆ ಕಟ್ಟು ಹಾಕಿಸಿ ನಾನಿದ್ದ ಊರ ಶಾಲೆಯ ಪಡುವಣ ಗೋಡೆಗೆ ತೂಗುಹಾಕಿದರು.

ಬಡ್ತಿ ಸಿಕ್ಕಿ ಆ ಶಾಲೆಯಲ್ಲಿ ನನ್ನ ಕೊನೆಯ ವಾರ, ಮಗಳ ಟಿ.ಸಿ. ತೆಗೆದುಕೊಳ್ಳಲು ಅಣ್ಣ ಬಂದ. ನಾನು ಬರೆದು ಮುಗಿಸುವವರೆಗೂ ನಕ್ಷೆಯ ಮುಂದೆ ನಿಂತಿದ್ದ. ಕೆರೆಯನ್ನು ಹುಡುಕಿಕೊಂಡ, ಗುಡಿಯನ್ನು ಹುಡುಕಿಕೊಂಡ. ಆಮೇಲೆ, ತಿರುಗದೆಯೇ, ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನನ್ನು ಮಾತಾಡಿಸಿದ.

“ಇದ್ರಾಗೆ ನಮ್ಮೊಲ ಎಲ್ಲೈತ್ಲಾ?”

ನಕ್ಷೆಯಲ್ಲಿ ಊರು ತೋರಿಸಲಾರದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ನಾನು ಎದ್ದು ಹೋದೆ. ಬೆರಳು ಹಸಿರಿನ ಅಂಚಿಗೆ ಹೋಗಿ, ಗೀಟು ದಾಟಿ, ಬಿಳಿ ಕಾಗದದ ಮೇಲೆ ನಿಂತಿತು. ಇಲ್ಲಣ್ಣ, ಎಂದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ, ನನ್ನ ಮುಖವನ್ನೂ ನೋಡಿದ. ಟಿ.ಸಿ. ಮಡಿಚಿ ಜೇಬಿಗಿಟ್ಟುಕೊಂಡು ಹೊರಟುಹೋದ.

ಉಳಿದ ದಿನಗಳಲ್ಲಿ ನಾನು ಆ ನಕ್ಷೆಗೆ ಬೆನ್ನು ಹಾಕಿಯೇ ಪಾಠ ಮಾಡಿದೆ. ಹಾಗೆ ನಿಂತರೆ ಮುಖ ಪೂರ್ವಕ್ಕೆ, ಎಡಗಡೆ ಉತ್ತರ. ಈಗ ದಿಕ್ಕು ತಿಳಿಯಲು ನನಗೆ ಮುದ್ದೆ ಬೇಕಾಗಿಲ್ಲ.