ಹದಿನೇಳೂವರೆ ಆಡಿಗೆ ಮೂರು ಅಂಕ ಸಿಕ್ಕ ಬಗ್ಗೆ

ಇಂದ:
ಹೊಳಿಯಮ್ಮ ಗಂಡ ವೆಂಕೋಬ, ವಯಸ್ಸು 34,
ಉದ್ಯೋಗ: ಮನೆಗೆಲಸ, ಕೂಲಿ ಮತ್ತು ಆಡು ಸಾಕಣೆ,
ಇರಕಲ್ಲಗಡ ಹೋಬಳಿ, ಕೊಪ್ಪಳ ತಾಲೂಕು.

ಗೆ:
ಮಾನ್ಯ ಗಣಿತ ಮೌಲ್ಯಮಾಪಕರು
(ಹೆಸರು ತಿಳಿಯದ ಕಾರಣ ತಮ್ಮನ್ನು ಎಕ್ಸ್ ಎಂದು ಇಟ್ಟುಕೊಳ್ಳಲಾಗಿದೆ.)

ವಿಷಯ: ಹತ್ತನೆಯ ತರಗತಿಯ ಗಣಿತದಲ್ಲಿ ಎರಡು ಅಂಕ ಹೆಚ್ಚಿಸಿ ಕೊಡುವ ಕುರಿತು.

ಉಲ್ಲೇಖ: 1) ಪ್ರಶ್ನೆ ಸಂಖ್ಯೆ 31. 2) ಅದರ ಉತ್ತರದ ಕೆಳಗೆ ತಾವು ಕೆಂಪು ಶಾಯಿಯಲ್ಲಿ ಬರೆದ "ವಿಧಾನ ಎಲ್ಲಿ?" ಎಂಬ ಪ್ರಶ್ನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಸದರಿ ಹೊಳಿಯಮ್ಮ ಒಂಬತ್ತನೆಯ ತರಗತಿಯಲ್ಲಿದ್ದಾಗ ತವರಿನವರು ಆಡು ಕಾಯಲೆಂದು ಆಕೆಯ ಶಾಲೆ ಬಿಡಿಸಿದರು. ಹತ್ತೊಂಬತ್ತು ವರ್ಷ ಕಳೆದ ಮೇಲೆ, ಈ ಸಲ, ಆಕೆ ಮಗಳು ಮಹೇಶ್ವರಿಯ ಜೊತೆಗೇ ಪರೀಕ್ಷೆಗೆ ಕುಳಿತಳು. ಕಾರಣ, ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಜಾಗ ಖಾಲಿ ಇದೆ. ಹತ್ತನೆಯದು ಪಾಸಾಗಿರಬೇಕು, ಈ ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು. ಮತ್ತೊಮ್ಮೆ ಆ ಜಾಗ ಖಾಲಿಯಾಗುವಷ್ಟರಲ್ಲಿ ಆಕೆಯ ವಯಸ್ಸು ಮಿತಿ ದಾಟಿರುತ್ತದೆ. ಉಳಿದ ಎಲ್ಲ ವಿಷಯಗಳೂ ಪಾಸು. ಗಣಿತದಲ್ಲಿ ಬಂದದ್ದು ಇಪ್ಪತ್ತಾರು, ಬೇಕಾದದ್ದು ಇಪ್ಪತ್ತೆಂಟು.

2. ಪ್ರಶ್ನೆ ಹೀಗಿತ್ತು: "ಒಬ್ಬನ ಬಳಿ ಕೆಲವು ಕೋಳಿ, ಕೆಲವು ಆಡುಗಳಿವೆ. ಒಟ್ಟು ತಲೆ 45, ಒಟ್ಟು ಕಾಲು 126. ಕೋಳಿ ಎಷ್ಟು, ಆಡು ಎಷ್ಟು?" ಮನೆಗೆ ಬಂದು ಇದನ್ನು ಓದಿ ಹೇಳಿದಾಗ ಅತ್ತೆ ಪಕ್ಕೀರವ್ವ ಕೇಳಿದ ಮಾತನ್ನು ಇಲ್ಲಿ ದಾಖಲಿಸುವುದು ಅವಶ್ಯಕ: "ಅಲ್ಲಬೇ, ಅಷ್ಟೂ ತಲಿ ಎಣಿಸ್ಯಾನ ಅಂತಿ. ಎಣಿಸಾಗ ಕೊಂಬು ಕಾಣಲಿಲ್ಲೇನು ಅವಂಗ?"

ಅತ್ತೆಯವರ ಆಕ್ಷೇಪಣೆ ನ್ಯಾಯವಾದದ್ದೇ ಆದರೂ, ಅರ್ಜಿದಾರಳು ಪರೀಕ್ಷೆಯ ಮರ್ಯಾದೆಗೆ ಕಟ್ಟುಬಿದ್ದು ಲೆಕ್ಕ ಬಿಡಿಸಿದ್ದಾಳೆ.

3. ಆಕೆ ಉತ್ತರ ಪತ್ರಿಕೆಯಲ್ಲಿ ಬರೆದದ್ದು: "ಎಲ್ಲಾ ಆಡುಗಳು ಜಾಲಿ ಗಿಡದ ಸೊಪ್ಪು ತಿನ್ನಲು ಮುಂಗಾಲು ಎತ್ತಿ ನಿಂತವು. ಈಗ ಆಡಿಗೂ ಎರಡೇ ಕಾಲು, ಕೋಳಿಗೂ ಎರಡೇ ಕಾಲು. 45 ತಲೆಗೆ ನೆಲದ ಮೇಲೆ 90 ಕಾಲು. ಉಳಿದ 36 ಎತ್ತಿದ ಮುಂಗಾಲು. ಒಂದು ಆಡಿಗೆ ಎರಡರಂತೆ 18 ಆಡು. ಉಳಿದವು 27 ಕೋಳಿ." ಉತ್ತರ ಸರಿ ಇದೆ. ತಾವು ಕೊಟ್ಟದ್ದು ನಾಲ್ಕಕ್ಕೆ ಒಂದು.

ವಿಧಾನ ಎಲ್ಲಿ ಎಂದು ಕೇಳಿದ್ದೀರಿ. ಜಾಲಿ ಗಿಡದ ಕೆಳಗೆ.

4. ಅದೇ ಪ್ರಶ್ನೆಗೆ ಮಗಳು ಕೋಳಿಯನ್ನು ಎಕ್ಸ್ ಎಂದೂ ಆಡನ್ನು ವೈ ಎಂದೂ ಇಟ್ಟುಕೊಂಡು, ಒಂದರ ಕೆಳಗೊಂದು ಎರಡು ಸಮೀಕರಣ ಬರೆದು, ಕಳೆಯುವಾಗ ಒಂದು ತಪ್ಪು ಮಾಡಿ, ಹದಿನೇಳೂವರೆ ಆಡು ಹಾಗೂ ಇಪ್ಪತ್ತೇಳೂವರೆ ಕೋಳಿ ಎಂದು ಕೆಳಗೆರಡು ಗೆರೆ ಎಳೆದಿದ್ದಾಳೆ. ಅವಳಿಗೆ ಮೂರು ಅಂಕ. ತಾಯಿ-ಮಗಳ ಉತ್ತರ ಪತ್ರಿಕೆಗಳ ಜೆರಾಕ್ಸ್ ತರಿಸಿ ಕಟ್ಟೆಯ ಮೇಲೆ ಪಕ್ಕಪಕ್ಕ ಹಾಸಿದ ದಿನ ನಡೆದ ಸಂಭಾಷಣೆ ಈ ಕೆಳಗಿನಂತಿದೆ.

"ಅರ್ಧ ಆಡು ಎಲ್ಲಿ ನೋಡಿದೀಲೇ ಮಾದೇವಿ?" ಎಂದು ಅರ್ಜಿದಾರಳು, ಮಗಳನ್ನು ಮನೆಯ ಹೆಸರಿನಿಂದ ಕರೆದು.

"ನನ್ನ ಹೆಸರು ಮಹೇಶ್ವರಿ. ಸ್ಟೆಪ್ಪಿಗೆ ಅಂಕ ಇರ್ತಾವ ಯವ್ವಾ, ಆಡಿಗಲ್ಲ."

"ಅರ್ಧ ಆಡು ಅಂದ್ರ ಖಂಡದ ಅಂಗಡ್ಯಾಗ ಇರತೈತಿ, ಅದೇನು ದೊಡ್ಡ ಮಾತು," ಎಂದು ಗಂಡ ವೆಂಕೋಬ ನಡುವೆ ಬಾಯಿ ಹಾಕಿದ. "ಇಬ್ಬರೂ ಬರದ್ರಿ. ಒಬ್ಬಾಕಿ ಪಾಸಾದ್ಲು. ಮನಿಗೆ ಒಂದು ಸಾಕಲ್ಲೇನು?"

ಅರ್ಜಿದಾರಳು ಅಂದು ಸಾರಿಗೆ ಉಪ್ಪು ಹಾಕಲಿಲ್ಲ.

5. ತಮ್ಮ ವಿಧಾನವನ್ನು ತಿಳಿಯಲು ಆಕೆ ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದಾಳೆ. "ಉತ್ತರ ಮೊದಲ ಗೊತ್ತಿದ್ರೂ ಹೇಳಬಾರದು. ಗೊತ್ತಿಲ್ಲ ಅಂತ ಇಟ್ಕೊಂಡು, ಎಕ್ಸ್ ಅಂತ ಬರದು, ಸಾವಕಾಶ ಗೊತ್ತಾತು ಅನ್ನಬೇಕು," ಎಂದು ಮಗಳು ವಿವರಿಸಿದಳು. ಗೊತ್ತಿದ್ದನ್ನು ಗೊತ್ತಿಲ್ಲವೆಂದು ಇಟ್ಟುಕೊಳ್ಳುವುದು ಅರ್ಜಿದಾರಳಿಗೆ ಹೊಸದೇನಲ್ಲ. ಹದಿನೇಳು ವರ್ಷದಿಂದ ಗಂಡನ ಮನೆಯಲ್ಲಿ ಅದನ್ನೇ ಮಾಡಿಕೊಂಡು ಬಂದಿದ್ದಾಳೆ: ಯಾವ ಆಡು ಗಬ್ಬವಾಗಿದೆ, ಯಾರು ಸುಳ್ಳು ಹೇಳುತ್ತಿದ್ದಾರೆ, ಯಾವ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ. ಎಲ್ಲ ಗೊತ್ತಿದ್ದು, ಗಂಡಸರು ಕಂಡುಹಿಡಿದು ಹೇಳುವ ತನಕ ಸುಮ್ಮನಿದ್ದು, "ಹೌದೇನ್ರೀ?" ಎಂದಿದ್ದಾಳೆ. ಅದಕ್ಕೆ ಅಂಕ ಕೊಡುವ ಕಡೆಯೂ ಒಂದಿದೆಯೆಂಬುದು ಮಾತ್ರ ಆಕೆಗೆ ತಿಳಿದಿರಲಿಲ್ಲ. ಉತ್ತರ ಪತ್ರಿಕೆಯ ಮುಂದೆ ಕುಳಿತ ಆ ಮೂರು ತಾಸು, ಗೊತ್ತಿದ್ದನ್ನು ಗೊತ್ತಿದೆ ಎಂದು ಬರೆಯಬಹುದು ಎಂದು ಭಾವಿಸಿದ್ದೇ ಆಕೆಯಿಂದಾದ ಲೋಪ.

6. ಈ ಅರ್ಜಿಯನ್ನು ಮಗಳಿಂದ ತಿದ್ದಿಸುವಾಗ ನಾಲ್ಕನೆಯ ಅಂಶಕ್ಕೆ ಬಂದೊಡನೆ ಅವಳು ಪೆನ್ನು ಕೆಳಗಿಟ್ಟಳು. "ಯವ್ವಾ, ಇದನ್ನ ಓದಿ ನನ್ನ ಮೂರು ಅಂಕ ಕಿತ್ಕೊಂಡ್ರ?"

"ಹೋದ್ರ ಏನಾಗತೈತಿ?"

"ಕೊಪ್ಪಳದ ಕಾಲೇಜಿನ್ಯಾಗ ಸೈನ್ಸಿಗೆ ಕಡೇ ಸೀಟು ನಂದು. ಒಂದು ಅಂಕ ಹೋದ್ರೂ ಸೀಟು ಹೋಗತೈತಿ."

ಅರ್ಜಿದಾರಳು ಎದ್ದು ಕತ್ತರಿ ತಂದಳು.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಹದಿನೆಂಟು ಇಡೀ ಆಡುಗಳಿಗೆ, ಹದಿನೇಳೂವರೆ ಆಡಿಗೆ ಕೊಟ್ಟಷ್ಟೇ ಅಂಕ ಕೊಟ್ಟು, ತಿಂಗಳ ಕೊನೆಯೊಳಗೆ ಆದೇಶಿಸಬೇಕೆಂದು ಕೋರಿದೆ. ಪೂರ್ತಿ ನಾಲ್ಕು ಕೇಳುವ ದುರಾಸೆ ಇರುವುದಿಲ್ಲ.

ಎರಡು ಅಂಕದಷ್ಟೇ ದೂರದಲ್ಲಿರುವ ತಮ್ಮ ವಿಶ್ವಾಸಿ,
ಹೊಳಿಯಮ್ಮ
(ಸಹಿ. ಹೆಬ್ಬೆಟ್ಟಲ್ಲ.)

ಲಗತ್ತುಗಳು:
1. ಅರ್ಜಿದಾರಳ ಉತ್ತರ ಪತ್ರಿಕೆಯ ಜೆರಾಕ್ಸ್, ಒಂದು ಪುಟ.
2. ಮಗಳ ಉತ್ತರ ಪತ್ರಿಕೆಯ ಜೆರಾಕ್ಸ್, ಒಂದು ಪುಟ. ಹೆಸರು ಮತ್ತು ನೋಂದಣಿ ಸಂಖ್ಯೆ ಇದ್ದ ಭಾಗವನ್ನು ಕತ್ತರಿಸಲಾಗಿದೆ. ಇಲಿ ಕಡಿದಿದೆ ಎಂದು ತಿಳಿಯತಕ್ಕದ್ದು.

ವಿ.ಸೂ.: ಇಷ್ಟಾದರೂ ಆ ಪುಟ ಯಾರದೆಂದು ತಾವು ಪತ್ತೆ ಹಚ್ಚಿದ್ದಲ್ಲಿ, ತಾಯಿಗೆ ಅಂಕ ಕೊಡಬೇಕಾದರೆ ಮಗಳದ್ದನ್ನೂ ತಿದ್ದಲೇಬೇಕೆಂಬ ನಿಯಮವಿದ್ದಲ್ಲಿ, ದಯಮಾಡಿ ಈ ಅರ್ಜಿಯನ್ನು ತಿರಸ್ಕರಿಸಬೇಕು. ತಿರಸ್ಕರಿಸಿದ ಹಾಳೆಗಳನ್ನು ಮಾತ್ರ ತಪ್ಪದೆ ವಾಪಸು ಕಳಿಸಬೇಕು. ಹಿಂಬದಿ ಖಾಲಿ ಇದೆ, ಮುಂದಿನ ಪರೀಕ್ಷೆಗೆ ಎಕ್ಸ್ ಬರೆದು ರೂಢಿ ಮಾಡಿಕೊಳ್ಳಲು ಬೇಕಾಗುತ್ತದೆ.