ನಮ್ಮ ದಿವಾನರು ನಿಂತಿದ್ದೇಕೆ

ವಂಶದ ವಿಷಯದಲ್ಲಿ ಮನುಷ್ಯ ಹೇಳುವಷ್ಟು ಸುಳ್ಳನ್ನು ವಯಸ್ಸಿನ ವಿಷಯದಲ್ಲಾಗಲಿ ಸಂಬಳದ ವಿಷಯದಲ್ಲಾಗಲಿ ಹೇಳುವುದಿಲ್ಲ ಎಂಬುದು ನನ್ನ ಅನುಭವ. ವಯಸ್ಸನ್ನು ತಲೆಗೂದಲು ಹೇಳಿಬಿಡುತ್ತದೆ, ಸಂಬಳವನ್ನು ಹೆಂಡತಿ ಹೇಳಿಬಿಡುತ್ತಾಳೆ. ಮುತ್ತಾತನ ವಿಷಯ ಹೇಳುವುದಕ್ಕೆ ಮಾತ್ರ ಯಾರೂ ಉಳಿದಿರುವುದಿಲ್ಲ. ಪರದೇಶಕ್ಕೆ ಬಂದವರಿಗಂತೂ ಈ ಅನುಕೂಲ ಇನ್ನೂ ಹೆಚ್ಚು. ಮೈಸೂರಿನಲ್ಲಾಗಿದ್ದರೆ 'ಗೊತ್ತು ಬಿಡಯ್ಯ ನಿಮ್ಮಜ್ಜನ ಕತೆ' ಎನ್ನುವ ಒಬ್ಬ ಹಿರಿಯರು ಯಾವುದಾದರೂ ಪಾರ್ಕಿನ ಬೆಂಚಿನ ಮೇಲೆ ಕಾದು ಕೂತಿರುತ್ತಾರೆ. ಬ್ರಿಸ್ಬೇನಿನಲ್ಲಿ ಬೆಂಚು ಬೇಕಾದಷ್ಟಿವೆ, ಆ ಹಿರಿಯರಿಗೆ ವೀಸಾ ಸಿಕ್ಕಿಲ್ಲ. ಹಾಗಾಗಿ ನಾನು ಕಂಡಂತೆ ಇಲ್ಲಿನ ಕನ್ನಡಿಗರಲ್ಲಿ ಅರ್ಧ ಜನರ ಪೂರ್ವಿಕರು ಅರಮನೆಯಲ್ಲಿದ್ದವರು, ಉಳಿದರ್ಧ ಜನರ ಪೂರ್ವಿಕರು ಅರಮನೆಯ ಕೆಲಸ ಬೇಡವೆಂದು ಬಿಟ್ಟು ಬಂದವರು. ಇಷ್ಟು ಜನ ಒಳಗಿದ್ದರೆ ಮಹಾರಾಜರು ಎಲ್ಲಿ ಮಲಗುತ್ತಿದ್ದರೋ ನನಗೆ ತಿಳಿಯದು.

ನಮ್ಮ ಮನೆತನ ಇವರೆಲ್ಲರಿಗಿಂತ ಒಂದು ಕೈ ಮೇಲು. ನಮ್ಮ ಮುತ್ತಾತ ದಿವಾನರು, ಅದೂ ಇಂಗ್ಲೆಂಡಿನಲ್ಲಿ. ಬೆಂಗಳೂರಿನ ದಂಡಿನಲ್ಲಿದ್ದ ಒಬ್ಬ ದೊರೆ ನಿವೃತ್ತನಾಗಿ ತನ್ನ ದೇಶದ ಹಳ್ಳಿಯ ಬಂಗಲೆಗೆ ಹೊರಟಾಗ, 'ನೀನಿಲ್ಲದೆ ನನಗೆ ಒಂದು ಹೊತ್ತೂ ನಡೆಯುವುದಿಲ್ಲ' ಎಂದು ಕಣ್ಣೀರಿಟ್ಟು ಮುತ್ತಾತನನ್ನು ಹಡಗು ಹತ್ತಿಸಿಕೊಂಡು ಹೋದನಂತೆ. ದೊರೆ ಹಾಗೆ ಹೇಳಿದ್ದು ನಿಜವೇ ಇರಬೇಕು. ಅಲ್ಲಿ ಕೆಲವು ವರ್ಷ ಆಡಳಿತ ನೋಡಿಕೊಂಡು ಮುತ್ತಾತ ಊರಿಗೆ ಮರಳಿದಾಗ ತಂದದ್ದು ಒಂದು ಉಣ್ಣೆಯ ಕಂಬಳಿ ಮತ್ತು ಒಂದು ಫೋಟೋ. ಕಂಬಳಿಯನ್ನು ನುಸಿ ತಿಂದಿತು. ಫೋಟೋವನ್ನು ನಾವು ನಂಬಿದೆವು.

ಆ ಫೋಟೋದಲ್ಲಿ ಕಲ್ಲಿನ ದೊಡ್ಡ ಬಂಗಲೆಯೊಂದರ ಮೆಟ್ಟಿಲ ಮೇಲೆ ಬಿಳಿಯ ಗಂಡಸರೂ ಹೆಂಗಸರೂ ಸಾಲಾಗಿದ್ದಾರೆ. ಮುಂದೆ ಕುರ್ಚಿಯ ಮೇಲೆ ಗಡ್ಡದವನೊಬ್ಬ ಕಾಲ ಬಳಿ ನಾಯಿ ಮಲಗಿಸಿಕೊಂಡು ಕೂತಿದ್ದಾನೆ. ಅವನ ಬೆನ್ನ ಹಿಂದೆ ಜರಿಪೇಟ, ಹೊಳೆಯುವ ಗುಂಡಿಗಳ ನಿಲುವಂಗಿ, ಸೊಂಟಕ್ಕೆ ಅಗಲವಾದ ಪಟ್ಟಿ, ಕೈಗೆ ಬಿಳಿಯ ಗ್ಲೌಸು, ಕಂಕುಳಲ್ಲಿ ಬೆಳ್ಳಿಯ ತಟ್ಟೆ ಇಟ್ಟುಕೊಂಡು ನಮ್ಮ ಮುತ್ತಾತ ನಿಂತಿದ್ದಾರೆ. ಇಡೀ ಗುಂಪಿನಲ್ಲಿ ಅಷ್ಟು ಚೆನ್ನಾಗಿ ಉಡುಪು ತೊಟ್ಟವರು ಇನ್ನೊಬ್ಬರಿಲ್ಲ. ಜರಿಪೇಟ ಕಂಡರೆ ದಿವಾನರೆಂದು ತಿಳಿಯುವುದು ನಮ್ಮ ಕಡೆಯವರ ರಕ್ತದಲ್ಲೇ ಇದೆ. ಚಿಕ್ಕವನಿದ್ದಾಗ ನಾನು ಅಜ್ಜಿಯನ್ನು, ದಿವಾನರು ಯಾಕೆ ನಿಂತಿದ್ದಾರೆ, ನಾಯಿಯವನು ಯಾಕೆ ಕೂತಿದ್ದಾನೆ ಎಂದು ಕೇಳಿದ್ದೆ. ಕಂಡಕಂಡವರು ಕೂತೆದ್ದ ಕುರ್ಚಿ, ಮಡಿಯವರು ಅದರಲ್ಲಿ ಕೂರುವುದುಂಟೇ ಎಂದರು ಅಜ್ಜಿ. ಗ್ಲೌಸೂ ಮಡಿಗೇ. ದೊರೆಗಳು ಮಾತಿಗೊಮ್ಮೆ ಕೈ ಕುಲುಕುವ ಜಾತಿ, ಮೈಲಿಗೆ ತಗುಲಬಾರದಲ್ಲ. ಬೆಳ್ಳಿ ತಟ್ಟೆ ದೊರೆಸಾನಿ ಕೊಟ್ಟ ಉಡುಗೊರೆ. ದೊರೆಯ ಗಡ್ಡದ ಮುಖ ತೋರಿಸಿ 'ರಾಜಕಳೆ ಅಂದ್ರೆ ಇದು ಕಣೋ' ಎಂದೂ ಹೇಳುತ್ತಿದ್ದರು. ಪಕ್ಷಮಾಸದಲ್ಲಿ ಫೋಟೋಕ್ಕೆ ಹೂವು ಏರಿಸುವಾಗ ದೊರೆಗೂ ಸ್ವಲ್ಪ ಸಲ್ಲುತ್ತಿತ್ತು. ನಾಯಿಗೂ ಸಲ್ಲುತ್ತಿತ್ತು ಅನ್ನಿ.

ಈಗ ಆ ಫೋಟೋ ಇರುವುದು ಪರ್ತಿನಲ್ಲಿ, ನನ್ನ ದೊಡ್ಡಪ್ಪನ ಮಗ ಸೀನಣ್ಣನ ಮನೆಯ ಹಾಲಿನಲ್ಲಿ. ಸೀನಣ್ಣ ಗಣಿ ಕಂಪನಿಯಲ್ಲಿ ಭೂವಿಜ್ಞಾನಿ. ಕೆಂಪು ಮರುಭೂಮಿಯಿಂದ ಎತ್ತಿದ ಕಲ್ಲಿನ ಚೂರು ನೋಡಿ ಅದು ಯಾವ ಯುಗದಲ್ಲಿ ಹುಟ್ಟಿತು, ಯಾರ ಪಕ್ಕದಲ್ಲಿತ್ತು, ಹೇಗೆ ಜಾರಿ ಬಂತು ಎಂದು ಹೇಳಬಲ್ಲ. ಮುತ್ತಾತನ ಬಗ್ಗೆ ಮಾತ್ರ ಅಜ್ಜಿ ಹೇಳಿದ್ದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅದು ಸಾಕಾಗಿತ್ತು ಕೂಡ, ಅವನ ಮಗಳು ಮೇಘನಾ ಅಡಿಲೇಡಿನ ವಿನಯ್ ಎಂಬ ಹುಡುಗನನ್ನು ಒಪ್ಪಿ, 'ಡ್ಯಾಡ್, ಜಸ್ಟ್ ಮೀಟ್ ದೆಮ್' ಎಂದು ಹೇಳುವವರೆಗೆ. ಹುಡುಗನ ತಂದೆ ಶಾಮಣ್ಣ ಅಂಕಲ್ ಫೋನಿನಲ್ಲಿ ಮಾತಾಡಿದರು. ಸೀನಣ್ಣ ಯಥಾಪ್ರಕಾರ ದಿವಾನರ ಕತೆ ಬಿಟ್ಟ. ಅದಕ್ಕೆ ಶಾಮಣ್ಣ ಅಂಕಲ್ ಬಹಳ ಮೆಲ್ಲಗೆ, ಯಾವ ಸಂಸ್ಥಾನದ ದಿವಾನರು ಎಂದು ಕೇಳಿದರಂತೆ.

ಇಷ್ಟು ತಲೆಮಾರುಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸೀನಣ್ಣ ಕೂಡಲೇ ನನಗೆ ಫೋನ್ ಮಾಡಿದ. ಅವನ ಪ್ರಕಾರ ಅಡಿಲೇಡಿನವರು ಅನುಮಾನದ ಜನ, ಇಡೀ ಆಸ್ಟ್ರೇಲಿಯಾದ ಗಡಿಯಾರ ಗಂಟೆಯ ಲೆಕ್ಕದಲ್ಲಿ ನಡೆದರೆ ಇವರು ನಡುವೆ ಅರ್ಧ ಗಂಟೆ ಹಿಡಿದುಕೊಂಡು ಕೂತವರು, ಇಂಥವರ ಬಾಯಿ ಮುಚ್ಚಿಸಲು ಪುರಾವೆಯೇ ಬೇಕು. ನಿಶ್ಚಿತಾರ್ಥದೊಳಗೆ ಪುರಾವೆ ಸಿಗದಿದ್ದರೆ ಸಂಬಂಧ ಮುರಿದುಹೋಗುತ್ತದೆ, ಮೇಘನಾ ತನ್ನ ಮುಖ ನೋಡುವುದಿಲ್ಲ ಎಂದು ಹೇಳಿದ. ಹೇಗಾದರೂ ಹುಡುಕೋಣ ಎಂದೆ. ಆ ಹುಡುಗಿಯನ್ನು ನಾನು ಎತ್ತಿ ಆಡಿಸಿದ್ದೇನೆ.

ಅವನು ನನಗೇ ಫೋನ್ ಮಾಡಿದ್ದಕ್ಕೆ ಕಾರಣ ಮಾರ್ಗರೆಟ್. ಬ್ರಿಸ್ಬೇನಿನ ಕ್ಯಾಲಮ್‌ವೇಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವಳು, ನಿವೃತ್ತ ನರ್ಸು. ರಾಘವೇಂದ್ರ ಎಂಬ ನನ್ನ ಹೆಸರನ್ನು ಮೊದಲ ದಿನವೇ ಕತ್ತರಿಸಿ 'ರ್‍ಯಾಗ್ಸ್' ಎಂದು ಮಾಡಿದ ಪುಣ್ಯಾತ್ಗಿತ್ತಿ. ಅವಳ ಮುತ್ತಜ್ಜಿ ಇಂಗ್ಲೆಂಡಿನ ಇಂಥದೇ ಒಂದು ಬಂಗಲೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದವಳು. ಮಾರ್ಗರೆಟ್ ಅವಳ ಜಾಡು ಹಿಡಿದು ಎರಡು ಸಲ ವಿಮಾನ ಹತ್ತಿ ಹೋಗಿ, ಆ ಅಡುಗೆಮನೆಯ ಕಲ್ಲುಹಾಸನ್ನು ಕೈಯಲ್ಲಿ ಸವರಿ, ಅತ್ತು ಬಂದಿದ್ದಾಳೆ. ಈ ದೇಶದಲ್ಲಿ ಜಂಬದ ದಿಕ್ಕೇ ತಿರುಗುಮುರುಗು. ಪೂರ್ವಿಕರಲ್ಲಿ ಒಬ್ಬ ಕುರಿಗಳ್ಳ ಸಿಕ್ಕಿ, ಅವನನ್ನು ಬೇಡಿ ಹಾಕಿ ಹಡಗಿನಲ್ಲಿ ಇಲ್ಲಿಗೆ ತಂದಿದ್ದರೆ ಮನೆಯವರು ಹಿತ್ತಲಿನಲ್ಲಿ ಬಾರ್ಬಿ ಎಂಬ ಬಾರ್ಬೆಕ್ಯೂ ಒಲೆ ಹಚ್ಚಿ ನೆಂಟರನ್ನೆಲ್ಲ ಕರೆಯುತ್ತಾರೆ. ಅಡುಗೆಯಾಳು ಸಿಕ್ಕರೂ ಸಂತೋಷ. ಹಿಂದೆಂದೋ ಮಾರ್ಗರೆಟ್‌ಗೆ ನಮ್ಮ ದಿವಾನರ ಕತೆ ಹೇಳಿದಾಗ ಅವಳು ಕನಿಕರದಿಂದ ನನ್ನ ಭುಜ ತಟ್ಟಿದ್ದಳು. ಆಗ ನನಗೆ ಕಾರಣ ಹೊಳೆದಿರಲಿಲ್ಲ.

ಸೀನಣ್ಣ ವಾಟ್ಸಾಪಿನಲ್ಲಿ ಕಳಿಸಿದ ಫೋಟೋವನ್ನು ನಾನು ಅವಳ ದೊಡ್ಡ ಪರದೆಯ ಮೇಲೆ ಹಾಕಿಸಿದೆ. ನನ್ನ ಹೆಂಡತಿ ಸುಮಾ ಕೂಡ ಬಂದಿದ್ದಳು, ಅವಳಿಗೆ ನಮ್ಮ ವಂಶದ ಬಗ್ಗೆ ಮೊದಲಿಂದಲೂ ಒಂದು ತರಹದ ಆಸಕ್ತಿ. ಮಾರ್ಗರೆಟ್ ಕನ್ನಡಕ ಏರಿಸಿ ನೋಡಿದಳು, ಮುಖ ಅರಳಿತು, ಇದು ಮನೆಯ ಆಳುಗಳ ವಾರ್ಷಿಕ ಫೋಟೋ ಎಂದಳು. ಮೂಲೆಯ ಹೆಂಗಸು ಅಡುಗೆಯವಳು, ಟೋಪಿಯ ಹುಡುಗಿಯರು ನೆಲ ಒರೆಸುವವರು. ಗ್ಲೌಸು ಹಾಕಿ ತಟ್ಟೆ ಹಿಡಿದವನು ಊಟದ ಮೇಜಿನ ಹಿಂದೆ ನಿಂತು ಬಡಿಸುವವನು. ಗಾಜಿನ ಮೇಲೆ, ಬೆಳ್ಳಿಯ ಮೇಲೆ ಬೆರಳ ಗುರುತು ಬೀಳಬಾರದೆಂದು ಗ್ಲೌಸು. ಜರಿಪೇಟ ಅತಿಥಿಗಳು ನೋಡಿ ಬೆರಗಾಗಲೆಂದು ಯಜಮಾನರೇ ಹೊಲಿಸಿದ್ದು. ನಾನು ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಗಡ್ಡದವನನ್ನು ಹಿಡಿದೆ. ನೋಡು, ದೊರೆಯೇ ಕೂತಿದ್ದಾನಲ್ಲ, ಆಳುಗಳ ಫೋಟೋದಲ್ಲಿ ದೊರೆ ಯಾಕಿರುತ್ತಾನೆ ಎಂದೆ. ಅವಳು ನಕ್ಕು, ದೊರೆ ಈ ಫೋಟೋದಲ್ಲೇ ಇಲ್ಲ, ಈತ ದೊರೆ ಬೇಟೆಯಾಡಲೆಂದು ಸಾಕಿದ ಹಕ್ಕಿಗಳನ್ನು ಕಾಯುವವನು, ವಯಸ್ಸಾಗಿದೆ ಎಂದು ಕುರ್ಚಿ ಕೊಟ್ಟಿದ್ದಾರೆ ಎಂದಳು. ಇಷ್ಟು ವರ್ಷ ನಾವು ಹೂವು ಏರಿಸಿದ್ದು, ರಾಜಕಳೆ ಕಂಡದ್ದು, ಕಾಡುಕೋಳಿ ಕಾಯುವವನಲ್ಲಿ.

ಮಾರ್ಗರೆಟ್ ಎದ್ದು ನನ್ನನ್ನು ಅಪ್ಪಿಕೊಂಡಳು. ತನ್ನ ಮುತ್ತಜ್ಜಿ ಸುಲಿದದ್ದನ್ನು ನನ್ನ ಮುತ್ತಾತನಂಥವರೇ ಮೇಲಕ್ಕೆ ಒಯ್ದು ಬಡಿಸುತ್ತಿದ್ದದ್ದು, ಇನ್ನು ನಾವು ಒಂದೇ ಮನೆಯವರು ಎಂದಳು. ಮರುದಿನ ಆರ್ವೋ, ಅಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ, ಕೇಕ್ ಮಾಡಿ ಬೀದಿಯವರನ್ನೆಲ್ಲ ಕರೆದು ಸುದ್ದಿ ಹೇಳಿದಳು. ಎದುರು ಮನೆಯ ಪ್ಲಂಬರ್ ಬಂದು ನನ್ನ ಕೈ ಕುಲುಕಿ ಅಭಿನಂದಿಸಿದ. ನಾನು ಹಲ್ಲು ಕಿರಿದು ಕೇಕ್ ತಿಂದೆ, ಒಳಗೆ ಬೂದಿ ತಿಂದಂತಾಗುತ್ತಿತ್ತು. ಸತ್ಯ ಹೇಳುತ್ತೇನೆ, ನನಗೆ ನಾಚಿಕೆಯಾಯಿತು. ಬಡಿಸುವುದು ಕೆಟ್ಟ ಕೆಲಸವೆಂದಲ್ಲ. ದಿವಾನರ ಮರಿಮಗ ಎಂದುಕೊಂಡು ನಾನು ಎಷ್ಟು ಮದುವೆಮನೆಗಳಲ್ಲಿ ಎಷ್ಟು ಜನರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ ಎಂಬುದೆಲ್ಲ ಒಟ್ಟಿಗೆ ನೆನಪಾಯಿತು.

ಸೀನಣ್ಣನಿಗೆ ಸುದ್ದಿ ಮುಟ್ಟಿಸಿದೆ. ಅವನು, "ಊಟ ಬಡಿಸೋದು ಅಂದ್ರೂ ಒಂಥರಾ ಆಡಳಿತಾನೇ ಅಲ್ವೇನೋ?" ಎಂದ. ಕೊನೆಗೆ, ಯಾರಿಗೂ ಹೇಳಬೇಡ, ಸುಮಾಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡ. ಫೋನು ಸ್ಪೀಕರಿನಲ್ಲಿತ್ತು. ಸುಮಾ ಪಕ್ಕದಲ್ಲೇ ಬೀನ್ಸ್ ಮುರಿಯುತ್ತಾ, 'ಆಯ್ತು ಭಾವ, ನನಗೇನೂ ಗೊತ್ತಿಲ್ಲ' ಎಂದು ಸಮಾಧಾನ ಹೇಳಿದಳು.

ನಿಶ್ಚಿತಾರ್ಥ ಪರ್ತಿನಲ್ಲಿ, ಒಂದು ಬಾಡಿಗೆ ಹಾಲಿನಲ್ಲಿ ನಡೆಯಿತು. ಸೀನಣ್ಣ ಮನೆಯಲ್ಲಿ ಫೋಟೋ ತೆಗೆದು ಆ ಜಾಗಕ್ಕೆ ಒಂದು ಗಡಿಯಾರ ಹಾಕಿದ್ದ. ಕೇಳಿದವರಿಗೆ ಕಟ್ಟು ಹಾಕಿಸಲು ಕೊಟ್ಟಿದೆ ಎಂದು ಹೇಳುತ್ತಿದ್ದ. ಯಾರದೋ ಹಿತ್ತಲಿನಿಂದ ಬಾಳೆಲೆ ಬಂದಿತ್ತು, ಉದ್ದನೆಯ ಮೇಜುಗಳ ಮೇಲೆ ಪಂಕ್ತಿ ಹಾಕಿದ್ದರು. ಶಾಮಣ್ಣ ಅಂಕಲ್ ಪಕ್ಕದಲ್ಲಿ ನನ್ನನ್ನು ಕೂರಿಸಿ, ಮಾತು ಇಂಗ್ಲೆಂಡಿನ ಕಡೆ ಹೋಗದಂತೆ ನೋಡಿಕೋ ಎಂದು ಕಿವಿಯಲ್ಲಿ ಹೇಳಿ, ಸೀನಣ್ಣ ಕೋಸಂಬರಿಯ ಪಾತ್ರೆ ಹಿಡಿದು ನಿಂತ. ನಾನು ಹವಾಮಾನ, ಮನೆಗಳ ಬೆಲೆ, ಕ್ರಿಕೆಟ್ ಎಲ್ಲ ಆಡಿ ಮುಗಿಸಿದೆ. ಶಾಮಣ್ಣ ಅಂಕಲ್ ಯಾವುದಕ್ಕೂ ಕಿವಿ ಕೊಡುತ್ತಿರಲಿಲ್ಲ. ಎಲೆಯ ಮೇಲಿನ ಅನ್ನ ಹಾಗೇ ಇತ್ತು.

"ರಾಘು ಅವ್ರೇ, ತಪ್ಪು ತಿಳ್ಕೋಬಾರ್ದು," ಎಂದರು. "ನಮ್ಮದು ಸಾಮಾನ್ಯ ಮನೆ. ನಮ್ಮಪ್ಪ ಹೋಟ್ಲಲ್ಲಿ ದೋಸೆ ಹಾಕ್ತಿದ್ರು. ದಿವಾನರ ಮನೆ ಹುಡುಗೀನ ಎರಡು ರೂಮಿನ ಯೂನಿಟ್‌ಗೆ ಹೇಗೆ ಕರ್ಕೊಂಡು ಬರೋದು ಅಂತ ನಮ್ಮನೆಯವ್ರಿಗೆ ಊಟಾನೇ ಸೇರ್ತಿಲ್ಲ. ಇದು ನಮ್ಗೆ ಸರಿಹೋಗಲ್ಲ, ಬಿಟ್ಬಿಡೋಣ ಅಂತಿದಾರೆ. ಯಾವ ಸಂಸ್ಥಾನ ಅಂತ ಅದಕ್ಕೇ ಕೇಳಿದ್ದು. ಚಿಕ್ಕ ಸಂಸ್ಥಾನ ಆಗಿದ್ರೆ ಸ್ವಲ್ಪ ಧೈರ್ಯ ಬರ್ತಿತ್ತು."

ಆಚೆ ಮೇಜಿನಲ್ಲಿ ಅವರ ಹೆಂಡತಿ ನಿಜವಾಗಿಯೂ ಎಲೆಯ ಅಂಚನ್ನು ಬೆರಳಿನಿಂದ ಮಡಿಸುತ್ತಾ ಕೂತಿದ್ದರು. ಇನ್ನೂ ಆಚೆ ಮೇಘನಾ ವಿನಯ್ ಹೇಳಿದ ಏನಕ್ಕೋ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು. ಯಾವ ಸುಳ್ಳು ಈ ಮದುವೆಯನ್ನು ಕಾಪಾಡುತ್ತದೆಂದು ನಾವು ಗಡಿಯಾರ ತೂಗುಹಾಕಿದ್ದೆವೋ ಅದೇ ಅದನ್ನು ಮುರಿಯುವುದರಲ್ಲಿತ್ತು. ಸೀನಣ್ಣ ಕೋಸಂಬರಿಯೊಂದಿಗೆ ಎರಡು ಎಲೆ ದೂರದಲ್ಲಿದ್ದ. ಅವನ ಕಡೆ ನೋಡದೆ ನಾನು ಹೇಳಿದೆ.

"ಅಂಕಲ್, ನಮ್ಮ ಮುತ್ತಾತ ದಿವಾನರಲ್ಲ. ಸೂಪ್ ಬಡಿಸ್ತಿದ್ರು."

ಶಾಮಣ್ಣ ಅಂಕಲ್ ನನ್ನ ಮುಖವನ್ನು ಕ್ಷಣಕಾಲ ನೋಡಿದರು. ಆಮೇಲೆ ಗುಟ್ಟು ಎನ್ನುವುದರ ಪರಿಚಯವೇ ಇಲ್ಲದವರಂತೆ ಹಾಲಿನ ಆಚೆ ಕೊನೆಗೆ ಕೇಳುವ ಹಾಗೆ, 'ಏ ಇವಳೇ, ದಿವಾನರಲ್ವಂತೆ ಕಣೆ' ಎಂದು ಹೆಂಡತಿಗೆ ಕೂಗಿ ಹೇಳಿದರು. ಸೌಟು ಪಾತ್ರೆಗೆ ತಗುಲಿದ ಸದ್ದಾಯಿತು. ಸೀನಣ್ಣನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆ ತಾಯಿ ಮಾತ್ರ ಮಡಿಸಿದ್ದ ಎಲೆಯನ್ನು ಬಿಡಿಸಿ, ಒಂದು ಒಬ್ಬಟ್ಟು ಹಾಕಿಸಿಕೊಂಡು, ಅದಕ್ಕೆ ತುಪ್ಪ ಕೇಳಿದರು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಹಾಕಿಸಿಕೊಂಡರು. ಅದನ್ನು ನೋಡಿದ ಸೀನಣ್ಣನಿಗೆ ಎಲ್ಲಿಂದ ಜೀವ ಬಂತೋ, ಮಜ್ಜಿಗೆ ಬರುವಷ್ಟರಲ್ಲಿ ಪಕ್ಕದ ಸಾಲಿನವರಿಗೆ, ನಮ್ಮ ಮುತ್ತಾತ ಬಡಿಸಿದ ಸೂಪಿನಲ್ಲಿ ಒಂದು ಹನಿಯೂ ಮೇಜುಬಟ್ಟೆಯ ಮೇಲೆ ಬಿದ್ದದ್ದಿಲ್ಲವೆಂದೂ, ಅದನ್ನು ನೋಡಲೆಂದೇ ಪಕ್ಕದೂರುಗಳಿಂದ ದೊರೆಗಳು ಊಟಕ್ಕೆ ಬರುತ್ತಿದ್ದರೆಂದೂ ಹೇಳುತ್ತಿದ್ದ. ಹೊಸ ಚರಿತ್ರೆ ನನ್ನ ಕಣ್ಣೆದುರೇ ಹುಟ್ಟುತ್ತಿತ್ತು.

ಶಾಮಣ್ಣ ಅಂಕಲ್ ಈಗ ಹಗುರವಾಗಿ ಉಣ್ಣುತ್ತಾ, ನಾನು ಬ್ರಿಸ್ಬೇನಿನಲ್ಲಿ ಏನು ಮಾಡಿಕೊಂಡಿದ್ದೇನೆ ಎಂದು ಕೇಳಿದರು. ಒಂದು ಸತ್ಯ ಹೇಳಿದ ಆಯಾಸಕ್ಕೆ ಇರಬೇಕು, ನಾನು ಸ್ವಲ್ಪ ಎದೆಯುಬ್ಬಿಸಿ, ದೊಡ್ಡ ದೊಡ್ಡ ಕಂಪನಿಗಳ ಕಂಪ್ಯೂಟರ್ ವ್ಯವಸ್ಥೆಯ ಹೊಣೆ ಹೊತ್ತ ಮ್ಯಾನೇಜರು ಎಂದೆ. ದೋಸೆ ಹಾಕಿದವರ ಮಗ, ಅವರಿಗೆ ವಿಷಯ ಬಿಡಿಸಿ ಹೇಳಬೇಕು. ಅಂದರೆ ದಿನಾ ಏನು ಮಾಡಬೇಕು ಎಂದು ಕೇಳಿದರು. ಆ ಕಂಪನಿಗಳದು ಏನಾದರೂ ನಿಂತುಹೋದರೆ ಅವರು ಫೋನ್ ಮಾಡುತ್ತಾರೆ, ನಾನು ಹೋಗಿ ಕ್ಷಮೆ ಕೇಳಿ, ಸರಿಮಾಡಿಸಿ, ಇನ್ನೇನಾದರೂ ಬೇಕೇ ಎಂದು ವಿಚಾರಿಸುತ್ತೇನೆ ಎಂದೆ. ಹೇಳುತ್ತಿದ್ದಂತೆ ನನಗೇ ಏನೋ ಕಸಿವಿಸಿಯಾಗಿ ಒಬ್ಬಟ್ಟಿನ ಕಡೆ ಗಮನ ಕೊಟ್ಟೆ.

ಆಗಲೇ ಜೇಬಿನಲ್ಲಿ ಫೋನು ರಿಂಗಾಯಿತು. ಭಾನುವಾರ ಎಂದು ನೋಡುವ ಜನವಲ್ಲ ಕಂಪನಿಯವರು. ಅರ್ಧ ಒಬ್ಬಟ್ಟು ಎಲೆಯ ಮೇಲೆಯೇ ಬಿಟ್ಟು, ಎಂಜಲು ಕೈ ದೂರ ಹಿಡಿದು, ಎಡಗೈಯಲ್ಲಿ ಫೋನು ತೆಗೆದು, ನಾನು ಗೋಡೆಯ ಪಕ್ಕಕ್ಕೆ ಸರಿದೆ. ಅತ್ತ ಕಡೆಯ ದೊರೆಗೆ, ಆಯಿತು, ಖಂಡಿತ, ಈಗಲೇ, ತೊಂದರೆಗೆ ಕ್ಷಮೆ ಇರಲಿ ಎಂದು ಇಂಗ್ಲಿಷಿನಲ್ಲಿ ಬಾಗಿ ಬಾಗಿ ಹೇಳುತ್ತಿದ್ದಾಗ, ಶಾಮಣ್ಣ ಅಂಕಲ್ ಮೆಚ್ಚುಗೆಯಿಂದ ಹೆಂಡತಿಗೆ ಹೇಳಿದ್ದು ಇಡೀ ಪಂಕ್ತಿಗೆ ಕೇಳಿಸಿತು.

"ಪಾಪ, ಒಳ್ಳೇ ಜನ ಕಣೆ. ಇನ್ನೂ ಮನೆತನದ ಕೆಲ್ಸ ಬಿಟ್ಟಿಲ್ಲ."