ಇಂಜಿನ್ನಿನ ಬಾಣಂತನ

ಬಾಣಂತನ ಮಾಡುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವ ಗಂಡಸು ಹಾವೇರಿಯಲ್ಲಿ ಇನ್ನೊಬ್ಬನಿಲ್ಲ. ಅವಸರದಿಂದ ಮೆಚ್ಚಿಕೊಳ್ಳಬೇಡಿ, ಬಾಣಂತಿ ನಮ್ಮ ಕಾಕಿಯಲ್ಲ, ಆತನ ಮೂವತ್ತು ವರ್ಷದ ಹಳೆಯ ಕಾರಿನ ಇಂಜಿನ್ನು!

ಕಾಕಾ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದವ. ಹೊಸರಿತ್ತಿಯ ರೈತರು ಓಡುವ ಪಂಪಿನ ಪಕ್ಕ ಫೋನು ಹಿಡಿದರೆ ಸಾಕು, ಹಾವೇರಿಯಲ್ಲಿ ಕೂತೇ "ಬೇರಿಂಗ್ ಹೋಗೇತಿ, ಬಿಚ್ಚೋ ತಮ್ಮಾ" ಎನ್ನುತ್ತಿದ್ದ. ಅಂಥ ಕಿವಿ. ಎರಡು ವರ್ಷದ ಹಿಂದೆ ಯಾರಿಗೂ ಕಾರಣ ಹೇಳದೆ ಅಂಗಡಿ ಮುಚ್ಚಿದ. ಆಮೇಲೆ ಸುಮ್ಮನೆ ಕೂರಲಾರದೆ ಕಾರಿನ ಇಂಜಿನ್ನನ್ನು ಬಿಚ್ಚಿ ಅಂಗಳದ ತುಂಬ ಹರವಿದ. ಪಿಸ್ಟನ್ನುಗಳನ್ನು ದಾಟಿಕೊಂಡೇ ಎಲ್ಲರೂ ನಲ್ಲಿಗೆ ಹೋಗಿ ಬರಬೇಕು!

ಇಂಜಿನ್ನು ಮತ್ತೆ ಒಂದಾದ ದಿನ ಕಾಕಿ ಶರತ್ತು ಹಾಕಿದಳು. ಕಾಕಿಯ ದನಿ ಇತ್ತೀಚೆಗೆ ಏಕೋ ಬಹಳ ಏರಿತ್ತು. ಆಕೆ ಗಂಡನಿಗೆ ಚಹಾ ಬೇಕೇ ಎಂದು ಕೇಳಿದರೆ ಮೂರನೆಯ ಮನೆಯವರು "ನಮ್ಮದಾತು" ಎನ್ನುತ್ತಿದ್ದರು.

"ಸಾವಿರ ಕಿಲೋಮೀಟರ ನೆಟ್ಟಗ ಓಡಿಸಿ ತೋರ್ಸ್ರಿ. ನಡುವ ಎಲ್ಲೆರ ಕೈ ಕೊಟ್ಟರ ಮರುದಿನಾನ ಗುಜರಿಗೆ! ಮತ್ತ, ಒಬ್ರ ಹೋಗೂಹಂಗಿಲ್ಲ. ಈಕೀನ್ನ ಕರಕೊಂಡು ಹೋಗ್ರಿ."

ಈಕಿ ಎಂದರೆ ನಾನು. ಎಂ.ಎಸ್ಸಿ. ಪರೀಕ್ಷೆ ಬರೆದು, ಫಲಿತಾಂಶ ಕಾಯುತ್ತ ಅವರ ಮನೆಯಲ್ಲಿದ್ದೆ.

"ಬರ್ಲಿ. ಈಕಿ ಮಾತು ಕಡಿಮಿ, ಇಂಜಿನ್ ಆವಾಜ ಛಲೋ ಕೇಳಸ್ತೈತಿ" ಎಂದ ಕಾಕಾ. ನನ್ನ ಸ್ವಭಾವಕ್ಕೆ ಈವರೆಗೆ ಸಿಕ್ಕ ಏಕೈಕ ಪ್ರಶಸ್ತಿ ಅದು.

ಮೊದಲ ಸ್ಟಾರ್ಟಿನ ದಿನ ಆತ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟು, ಇಂಜಿನ್ನನ್ನು ಬರಿದೆ ತಿರುಗಿಸಿದ. "ಮೊದಲ ಎಣ್ಣಿ ಮೈಗೆಲ್ಲ ಇಳೀಬೇಕು. ಬಾಣಂತಿಗೆ ಎಣ್ಣಿ ಹಚ್ಚದ ಎಬ್ಬಸ್ತಾರೇನು?"

"ನನಗ ಹಚ್ಚಿದಾಕಿ ನಿಮ್ಮವ್ವ! ನೀವು ಆವಾಗ ಯಾವ ಬಾವ್ಯಾಗ ಇಳಿದಿದ್ರಿ?" ಎಂದಳು ಕಾಕಿ.

ಪ್ಲಗ್ಗು ಹಾಕಿ ಕೀಲಿ ತಿರುವಿದ. ಇಂಜಿನ್ನು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಗುಡುಗಿ, ಕಾಕಿ ಒಣಹಾಕಿದ್ದ ಶಾವಿಗೆಯ ಮೇಲೆಲ್ಲ ಹೊಗೆ ಉಗುಳಿತು. "ಆವಾಜ ಹೆಂಗೈತಿ ಹೇಳು, ಲಗೂ!" ಎಂದು ಕಾಕಾ ನನ್ನನ್ನು ಕೇಳಿದ. ನನಗೇನು ಗೊತ್ತು? ಜೋರಾಗಿದೆ ಎಂದೆ. ಆತ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದ. ಊರಿನ ಮೆಕ್ಯಾನಿಕ್ಕುಗಳು ಅದನ್ನು ಕಿವಿಗೆ ಹಿಡಿಯುತ್ತಾರೆ. ನಮ್ಮ ಕಾಕಾ ಕಬ್ಬು ತಿನ್ನುವವನಂತೆ ಕಚ್ಚಿದ್ದ! ನಾನು ನಗು ತಡೆಯಲಾರದೆ ಒಳಗೆ ಓಡಿದೆ.

ಮರುದಿನದಿಂದ ಪಥ್ಯ ಶುರುವಾಯಿತು. ಹೊಸದಾಗಿ ಕಟ್ಟಿದ ಇಂಜಿನ್ನು ಪಳಗುವವರೆಗೆ ನಲವತ್ತರ ವೇಗ ದಾಟುವಂತಿಲ್ಲ. ಹಾಗೆಂದು ಒಂದೇ ವೇಗದಲ್ಲೂ ಇರುವಂತಿಲ್ಲ. ಇಪ್ಪತ್ತು, ಮೂವತ್ತೈದು, ಮತ್ತೆ ಇಪ್ಪತ್ತೈದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಇರುವ ರಸ್ತೆ ಬಿಟ್ಟು ಊರೆಲ್ಲ ಸುತ್ತಬೇಕು, ಏಕೆಂದರೆ ಘಾಟು ಇಂಜಿನ್ನಿನ ಗಂಟಲಿಗೆ ಹತ್ತುತ್ತದೆ! ರಾಣೆಬೆನ್ನೂರಿನಾಚೆ ಕುಪ್ಪೇಲೂರಿನ ಬಸ್ಸು ನಮ್ಮನ್ನು ದಾಟಿ ಹೋಗಿ, ಊರು ಮುಟ್ಟಿ, ಜನರನ್ನು ಇಳಿಸಿ, ಹತ್ತಿಸಿಕೊಂಡು, ತಿರುಗಿ ಬಂದು ಎದುರಾಯಿತು. ನಾವಿನ್ನೂ ಹೋಗುತ್ತಲೇ ಇದ್ದೆವು. ಕಂಡಕ್ಟರು ಕೈ ಮುಗಿದ. ಟ್ರಾಕ್ಟರಿನವನೊಬ್ಬ ಪಕ್ಕಕ್ಕೆ ಬಂದು, ನಿಜವಾದ ಮರುಕದಿಂದ, "ದಬ್ಬಬೇಕೇನ್ರಿ ಯಜಮಾನ್ರ?" ಎಂದ.

ಐನೂರು ಕಿಲೋಮೀಟರಿಗೆ ಎಣ್ಣೆ ಬದಲಿಸಬೇಕಿತ್ತು. ಹಳೆಯ ಎಣ್ಣೆಯಲ್ಲಿ ಲೋಹದ ಪುಡಿ ಹೊಳೆಯುತ್ತದೆಯೇ ಎಂದು ಸೋಸಿ ನೋಡುವುದು ಕ್ರಮವಂತೆ. ಕಾಕಾ ಸೋಸಿದ. ಪುಡಿ ಇರಲಿಲ್ಲ, ಸಂತೋಷ. ಆದರೆ ಅಂದಿನ ಸಂಜೆಯ ಚಹಾದಲ್ಲಿ ಒಂದು ವಿಚಿತ್ರ ಮಿರುಗು ಇತ್ತು. ಕಾಕಿ ಚಹಾ ಸೋಸುವ ಜರಡಿಯನ್ನು ಮೂಸಿ ನೋಡಿದಳು. ಆಕೆ ಏನೆಂದಳೆಂಬುದನ್ನು ಮೂರನೆಯ ಮನೆಯವರನ್ನೇ ಕೇಳಿ, ನಾನು ಬರೆಯಲಾರೆ.

ಒಂಬೈನೂರ ಅರವತ್ತನೆಯ ಕಿಲೋಮೀಟರಿನಲ್ಲಿ, ಕಾಗಿನೆಲೆಯ ರಸ್ತೆಯಲ್ಲಿ, ಇಂಜಿನ್ನಿನಿಂದ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಹೊಲಿಗೆ ಯಂತ್ರದಂಥ ಸ್ಪಷ್ಟ ಸದ್ದು. ಕಾಕಾ ಈಗ ಬೆಚ್ಚಿಬೀಳುತ್ತಾನೆ ಎಂದು ಕಾದೆ. ಸದ್ದು ದೊಡ್ಡದಾಯಿತು. ಕಾಕಾ ಮುಗುಳ್ನಕ್ಕ.

"ನೋಡವಾ, ಜೇನುಹುಳದಂಗ ಹೆಂಗ ಗುಂಯ್ ಅನ್ನಾಕತ್ತೈತಿ!"

"ಕಾಕಾ, ಟಿಕ್ ಟಿಕ್ ಅನ್ನಾಕತ್ತೈತಿ" ಎಂದೆ. ಆತ ತಿರುಗಲಿಲ್ಲ. ಮತ್ತೆ ಕೂಗಿ ಹೇಳಿದೆ. ನಾನು ಅಷ್ಟು ಜೋರಾಗಿ ಎಂದೂ ಮಾತಾಡಿದವಳಲ್ಲ.

ಕಾರು ನಿಂತಿತು. ಬಾನೆಟ್ಟು ಎತ್ತಿ, ಸ್ಕ್ರೂಡ್ರೈವರ್ ಕಚ್ಚಿ, ಬಹಳ ಹೊತ್ತು ಹಾಗೇ ನಿಂತ. ಈ ಸಲ ನನಗೆ ನಗು ಬರಲಿಲ್ಲ.

"ಹಲ್ಲಿಗೆ ಅಷ್ಟ ತಿಳೀತೈತಿ" ಎಂದ. "ಕಿವಿಗೆ ಇಲ್ಲ. ಎರಡ ವರ್ಷಾತು. ಫೋನಿನ್ಯಾಗ ಪಂಪಿನ ಆವಾಜ ಕೇಳಿಸ್ಲಿಲ್ಲ, ಅಂಗಡಿ ಮುಚ್ಚಿದೆ. ಕಡೀಕ ಇದೊಂದರ ನನ್ನ ಕೈಯಾಗ ನೆಟ್ಟಗಾಗ್ಲಿ ಅಂತ... ನಿಮ್ಮ ಕಾಕಿಗೆ ಹೇಳಬ್ಯಾಡವಾ."

ಸಡಿಲಾಗಿದ್ದದ್ದು ವಾಲ್ವಿನ ತಿರುಪು. ಹೊಸದಾಗಿ ಕಟ್ಟಿದ ಇಂಜಿನ್ನಿಗೆ ಅದು ಸಹಜವಂತೆ. ಇಂಜಿನ್ನು ಓಡುತ್ತಿದ್ದಂತೆಯೇ ಆತ ಕೂದಲೆಳೆಯಷ್ಟು ತಿರುವುತ್ತಿದ್ದ, ನಾನು ಕಿವಿಗೊಟ್ಟು ಕೂಗುತ್ತಿದ್ದೆ: "ಇನ್ನೂ ಐತಿ... ಇನ್ನೂ ಐತಿ... ಹೋತು!"

ಮರುದಿನ ಸಾವಿರ ತುಂಬಿತು. ಕಾಕಾ ಕಾರನ್ನು ಅಂಗಳಕ್ಕೆ ತಂದು, ತೊಟ್ಟಿಲು ನಿಲ್ಲಿಸುವವನಂತೆ ನಿಲ್ಲಿಸಿ, ಕಟ್ಟೆಯ ಮೇಲೆ ಕೂತ. ನಾನು ಅಡುಗೆಮನೆಗೆ ಹೋದೆ.

"ನಡುವ ಏನರ ಆವಾಜ ಬಂತೇನು?" ಎಂದಳು ಕಾಕಿ. ಮೆಲ್ಲಗಿನ, ಮೃದುವಾದ ದನಿ. ಆಕೆಗೆ ಅಂಥದೊಂದು ದನಿ ಇರುವುದೇ ನನಗೆ ಮರೆತುಹೋಗಿತ್ತು. ನಾನು ಚಹಾಪುಡಿಯ ಡಬ್ಬಿ ಹುಡುಕತೊಡಗಿದೆ.

"ಅವ್ರಿಗೆ ಕೇಳ್ಸಿರಾಂಗಿಲ್ಲ. ಅದಕ್ಕ ನಿನ್ನ ಜೋಡಿ ಕಳ್ಸಿದ್ದು. ನನಗ ಗೊತ್ತೈತಂತ ಅವ್ರಿಗೆ ಹೇಳಬ್ಯಾಡ ಮತ್ತ."

ಆಮೇಲೆ ಬಾಗಿಲಿಗೆ ಹೋಗಿ, ಸೊಂಟಕ್ಕೆ ಕೈಕೊಟ್ಟು, ಮೂರನೆಯ ಮನೆಗೂ ಮುಟ್ಟುವಂತೆ ಕೂಗಿದಳು:

"ರೀ, ಚಾ ಕುಡೀತೀರೇನ್ರಿ?"

"ಎಷ್ಟ ಒದರ್ತೀಲೇ?" ಕಾಕಾ ಅಲ್ಲಿಂದಲೇ ಗದರಿದ. "ನಾ ಏನ್ ಕಿವುಡ ಅದೀನೇನು?"

ಕಾಕಿ ನನ್ನ ಕಡೆ ನೋಡಲಿಲ್ಲ. ಹೊಸ ಜರಡಿಯಲ್ಲಿ ಚಹಾ ಸೋಸತೊಡಗಿದಳು.